ಕೋಳಿ ಕೊಯ್ದವರು ಯಾರು

ಅಪ್ಪ ರಾಯಚೂರಿನಿಂದ ಫಾರಂ ಕೋಳಿಮರಿಗಳನ್ನು ತಂದ ದಿನ ಅಜ್ಜಿ ಮೊದಲು ಕೇಳಿದ್ದು ಅವುಗಳ ತಾಯಿ ಎಲ್ಲಿ ಎಂದು.

ಮರಿಗಳು ಒಂದು ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಪೆಟ್ಟಿಗೆಯ ಪಕ್ಕಗಳಲ್ಲಿ ದುಂಡನೆಯ ತೂತುಗಳಿದ್ದು, ಒಂದೊಂದು ತೂತಿನಿಂದಲೂ ಸಣ್ಣ ಕೊಕ್ಕು ಹೊರಗೆ ಇಣುಕಿ ಒಳಗೆ ಹೋಗುತ್ತಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಅಪ್ಪ ಮಾನ್ವಿಯವರೆಗೆ ಬಂದಿದ್ದ. ತೀರಾ ಸೋತುಹೋಗಿದ್ದ ಎರಡು ಮರಿಗಳನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಬೆಚ್ಚಗೆ ಮಾಡಿದ್ದ.

"ತಾಯಿ ಇಲ್ಲ ಯವ್ವಾ. ಮಷೀನ್ದಾಗ ಕಾವು ಕೊಟ್ಟು ಮರಿ ಮಾಡ್ತಾರ," ಅಂದ ಅಪ್ಪ.

ಅಜ್ಜಿ ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ದೂರದಿಂದಲೇ ಕತ್ತು ಚಾಚಿ ನೋಡಿದಳು. "ಹಂಗಾದ್ರ ಇವು ಕೋಳಿ ಅಲ್ಲ ಬಿಡು," ಅಂದಳು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಆರನೇ ಇಯತ್ತೆಯಲ್ಲಿದ್ದೆ. ನಮ್ಮದು ದೇವದುರ್ಗದ ಕಡೆಯ ಅರಕೇರಾದ ಕುರಿ ಕಾಯುವ ಮನೆತನ. ಅಪ್ಪನೊಬ್ಬನೇ ನಾಲ್ಕು ಅಕ್ಷರ ಕಲಿತು ಮಾನ್ವಿಯ ದನದ ದವಾಖಾನೆಯಲ್ಲಿ ಜವಾನನಾಗಿದ್ದ. ಡಾಕ್ಟರು ಸೂಜಿ ಚುಚ್ಚುವಾಗ ಎತ್ತು, ಎಮ್ಮೆಗಳನ್ನು ಅಲುಗಾಡದಂತೆ ಹಿಡಿಯುವುದು ಅವನ ಕೆಲಸ. ಎರಡು ತಿಂಗಳಲ್ಲಿ ಮೈತುಂಬ ಮಾಂಸ ಬರುವ ಕೋಳಿಯ ಸುದ್ದಿ ಅವನ ಕಿವಿಗೆ ಬಿದ್ದದ್ದು ಅಲ್ಲಿಯೇ. ಸಾಕಿ ಖಾನಾವಳಿಗಳಿಗೆ ಕೊಡಬೇಕು, ಮನೆಗೂ ಆಗುತ್ತದೆ ಎನ್ನುವುದು ಅವನ ಲೆಕ್ಕಾಚಾರವಾಗಿತ್ತು.

ಹಿತ್ತಲಲ್ಲಿ ಬೇವಿನ ಮರದ ನೆರಳಿಗೆ ಜಾಳಿಗೆಯ ಗೂಡು ಎದ್ದಿತು. ಅವ್ವ ಜೋಳದ ನುಚ್ಚು, ಶೇಂಗಾ ಹಿಂಡಿ, ಒಣಮೀನಿನ ಪುಡಿ ಕಲಸಿ ಹಾಕುತ್ತಿದ್ದಳು. ಅಕ್ಕ ಮತ್ತು ನಾನು ಸರದಿಯ ಮೇಲೆ ನೀರು ಬದಲಾಯಿಸುತ್ತಿದ್ದೆವು. ಆ ನೀರಿಗೆ ಅಪ್ಪ ದವಾಖಾನೆಯಿಂದ ತಂದ ಹಳದಿ ಪುಡಿ ಬೆರೆಸುತ್ತಿದ್ದ. ರೋಗ ಬರದಿರಲಿ ಎಂದು ಹಾಕುತ್ತಿದ್ದ ಆ ಪುಡಿಯಿಂದಲೇ ಓಣಿಯ ಸಂಶಯ ಶುರುವಾಯಿತು.

ಪಕ್ಕದ ಮನೆಯಾಕೆ ಗಿಲ್ಲೆಸುಗೂರಿನಿಂದ ಮದುವೆಯಾಗಿ ಬಂದವಳು. ಅವಳ ಗಂಡ ಟೇಲರ್. ದಿನಕ್ಕೆ ನಾಲ್ಕು ಸಲ ಗೋಡೆಯ ಮೇಲಿಂದ ಇಣುಕಿ ನೋಡುತ್ತಿದ್ದಳು. "ಮನ್ನೆ ಅಂಗೈಯಷ್ಟಿದ್ವು. ಏನ್ ಹಾಕಾಕತ್ತೀರಿ ಅಕ್ಕಾರ? ಹಿಂಗ ಉಬ್ಬಿದ್ರ ಅದು ಮೈಯಲ್ಲ, ಬಾವು," ಅನ್ನುತ್ತಿದ್ದಳು. ಕೋಳಿಗಳು ನಿಜವಾಗಿಯೂ ಹಾಗೆ ಬೆಳೆದವು. ಬಿಳಿ ಪುಕ್ಕ, ದಪ್ಪ ಕಾಲು, ನಾಲ್ಕು ಹೆಜ್ಜೆಗೆ ಒಮ್ಮೆ ಕುಸಿದು ಕೂರುವ ಮೈಭಾರ. ಹತ್ತಿರ ಹೋದರೂ ಓಡುತ್ತಿರಲಿಲ್ಲ. ಓಡದ ಕೋಳಿಯನ್ನು ಯಾರು ನಂಬುತ್ತಾರೆ? ಖಾನಾವಳಿಯವರು ಒಂದನ್ನು ಎತ್ತಿ ನೋಡಿ, ಮೂಗು ಮುರಿದು, ವಾಪಸ್ ಕೊಟ್ಟರು. ಫಾರಂ ಕೋಳಿ ತಿಂದ ಹೆಣ್ಣುಮಕ್ಕಳು ಲಗೂನೆ ದೊಡ್ಡವರಾಗುತ್ತಾರೆ ಎಂಬ ಸುದ್ದಿಯೂ ಹಬ್ಬಿತು. ಅದನ್ನು ಕೇಳಿದ ಮೇಲೆ ಅವ್ವ ಊಟಕ್ಕೆ ಬಡಿಸುವಾಗ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಸೌಟನ್ನು ಅರ್ಧಕ್ಕೇ ಬಗ್ಗಿಸುತ್ತಿದ್ದಳು. ನಾನು ಬಚ್ಚಲಿನ ಕನ್ನಡಿಯಲ್ಲಿ ನನ್ನನ್ನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದೆ.

ಯಾರೂ ಕೊಳ್ಳದೆ ಹೋದಾಗ ಉಳಿದದ್ದು ನಾವೇ ತಿನ್ನುವುದು. ಪ್ರತಿ ಭಾನುವಾರ ಒಂದು ಕೋಳಿ.

ನನ್ನ ಸ್ವಂತ ಸಂಶಯ ಹುಟ್ಟಿದ್ದು ಈ ಭಾನುವಾರಗಳಲ್ಲಿ. ಕೊಯ್ಯುವ ಹೊತ್ತಿಗೆ ಸರಿಯಾಗಿ ನನ್ನನ್ನು ಕೊತ್ತಂಬರಿ, ಹಸಿಶುಂಠಿ ತರಲು ಬಜಾರಕ್ಕೆ ಕಳಿಸುತ್ತಿದ್ದರು. ಮೂಲೆಯ ಅಂಗಡಿಯಲ್ಲೇ ಎರಡೂ ಸಿಗುತ್ತಿದ್ದವು. ಆದರೂ ಬಜಾರಕ್ಕೇ ಹೋಗಬೇಕು. ಅಜ್ಜಿಯನ್ನು ಗುಡಿಗೆ ಕರೆದುಕೊಂಡು ಹೋಗುವ ಕೆಲಸ ಅಕ್ಕನದು. ನಾವು ಬರುವಷ್ಟರಲ್ಲಿ ಅಪ್ಪ ಬಿಸಿನೀರಿನಲ್ಲಿ ಅದ್ದಿದ ಕೋಳಿಯ ಪುಕ್ಕ ತರಿಯುತ್ತಾ ಕುಳಿತಿರುತ್ತಿದ್ದ. ಅಜ್ಜಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು.

"ಕೊಯ್ದವರು ಯಾರು?"

"ನಿಮ್ಮ ಮಗ," ಅನ್ನುತ್ತಿದ್ದಳು ಅವ್ವ, ತಲೆ ಎತ್ತದೆ.

ಅಜ್ಜಿ ಹೀಗೆ ಕೇಳುವುದಕ್ಕೆ ಕಾರಣವಿತ್ತು. ನಮ್ಮ ಓಣಿಯಲ್ಲಿ ಹೆಂಗಸರು ಕೋಳಿ ಕೊಯ್ಯುತ್ತಿರಲಿಲ್ಲ. ಗಂಡಸರು ಮನೆಯಲ್ಲಿಲ್ಲದಿದ್ದರೆ ಕೋಳಿಯನ್ನು ಕಂಕುಳಲ್ಲಿ ಹಿಡಿದು ಬಾಗಿಲಲ್ಲಿ ನಿಂತು, ಹಾದಿಯಲ್ಲಿ ಹೋಗುವ ಯಾವನಾದರೂ ಗಂಡಸನ್ನು ಕರೆದು ಕೊಯ್ಯಿಸುತ್ತಿದ್ದರು. ಹೆಂಗಸು ಕೊಯ್ದ ಮನೆಯಲ್ಲಿ ಗಂಡಸಿಗೆ ಕೇಡು ಎಂದು ಅಜ್ಜಿ ಗಟ್ಟಿಯಾಗಿ ನಂಬಿದ್ದಳು.

ಒಂದು ಭಾನುವಾರ ನಾನು ಮೂಲೆಯ ಅಂಗಡಿಯಲ್ಲೇ ಕೊತ್ತಂಬರಿ ತೆಗೆದುಕೊಂಡು, ಓಡಿ ಬಂದು, ಹಿತ್ತಲ ಬಾಗಿಲಿನ ಸಂದಿಗೆ ಕಣ್ಣಿಟ್ಟೆ. ಅಪ್ಪ ಬೇವಿನ ಮರದ ಕಡೆ ಮುಖ ಮಾಡಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದ. ಅವ್ವ ಸೀರೆಗೆ ಕಚ್ಚೆ ಹಾಕಿದ್ದಳು. ಕೋಳಿಯ ರೆಕ್ಕೆಗಳು ಅವಳ ಒಂದು ಪಾದದ ಕೆಳಗೆ, ಕಾಲುಗಳು ಇನ್ನೊಂದು ಪಾದದ ಕೆಳಗೆ ಇದ್ದವು. ಎಡಗೈಯಲ್ಲಿ ತಲೆ ಹಿಡಿದು ಬಲಗೈಯನ್ನು ಒಂದೇ ಸಲ ಆಡಿಸಿದಳು. ಒದ್ದಾಟ ನಿಲ್ಲುವವರೆಗೆ ಪಾದ ತೆಗೆಯಲಿಲ್ಲ. ಆಮೇಲೆ ಮೊಣಕೈಯಿಂದ ಅಪ್ಪನ ಬೆನ್ನನ್ನು ಮೆಲ್ಲಗೆ ತಟ್ಟಿ, "ಆತು, ತಿರುಗ್ರಿ," ಅಂದಳು. ಅಪ್ಪ ತಿರುಗಿ ಅವಳ ಕೈಗೆ ನೀರು ಹಾಕಿದ, ಚೂರಿ ತೊಳೆದ, ಕೋಳಿ ಎತ್ತಿಕೊಂಡು ಪುಕ್ಕ ತರಿಯಲು ಕುಳಿತ.

ನಾನು ಅಕ್ಕನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ನಿನಗ ಈಗ ಗೊತ್ತಾತೇನು? ಯಾರ ಮುಂದೂ ಬಾಯಿ ಬಿಡಬ್ಯಾಡ. ನನ್ನ ಮದುವಿ ಆಗಬೇಕಾಗ್ಯದ," ಅಂದಳು.

ಆ ಬೇಸಿಗೆಯಲ್ಲೇ ಅಕ್ಕನನ್ನು ನೋಡಲು ಹಿರೇಕೊಟ್ನೆಕಲ್ಲಿನಿಂದ ಬಂದರು. ಹುಡುಗ, ಅವನ ಅಪ್ಪ, ಮತ್ತು ಸೋದರತ್ತೆ. ಹುಡುಗನಿಗೆ ತಾಯಿ ಇರಲಿಲ್ಲ, ಬೆಳೆಸಿದವಳು ಈ ಅತ್ತೆ. ಅವರ ಮನೆಯಲ್ಲಿ ಕೊನೆಯ ಮಾತು ಆಕೆಯದೇ ಎಂದು ಮೊದಲೇ ಕೇಳಿದ್ದೆವು. ತೆಳ್ಳಗಿನ, ಎತ್ತರದ ಹೆಂಗಸು. ಕುಳಿತಲ್ಲಿ ಕುಳಿತೇ ನಮ್ಮ ಮನೆಯ ತೊಲೆಗಳು, ನೀರಿನ ಹರವಿ, ಅಕ್ಕನ ಹಿಮ್ಮಡಿ ಎಲ್ಲವನ್ನೂ ನೋಡಿ ಮುಗಿಸಿದ್ದಳು.

ಅಂದು ಬೆಳಿಗ್ಗೆಯೇ ಬಿಸಿಲಿಗೆ ಒಂದು ಕೋಳಿ ಸತ್ತಿತ್ತು. ಒದ್ದೆ ಗೋಣಿ ಹೊದಿಸಿದರೂ ರಾಯಚೂರು ಸೀಮೆಯ ಮೇ ತಿಂಗಳ ಬಿಸಿಲನ್ನು ಆ ದಪ್ಪ ಮೈಗಳು ತಡೆಯುತ್ತಿರಲಿಲ್ಲ. ಅಪ್ಪ ಅದನ್ನು ತಿಪ್ಪೆಯ ಬದಿಗೆ ಹುಗಿದಿದ್ದ. ಕಾಲು ತೊಳೆಯಲು ಹಿತ್ತಲಿಗೆ ಹೋದ ಅತ್ತೆ ಅಲ್ಲಿಯೇ ಬಹಳ ಹೊತ್ತು ನಿಂತಳು. ಗೋಡೆಯ ಆಚೆಯಿಂದ ಟೇಲರನ ಹೆಂಡತಿಯ ದನಿ ಕೇಳುತ್ತಿತ್ತು. ತಿರುಗಿ ಬಂದಾಗ ಆಕೆಯ ಮುಖ ಬೇರೆಯಾಗಿತ್ತು.

"ಅವೇನು ಕೋಳಿ ಏನ್ರೀ? ಹದ್ದಿನ ಮರಿ ಕಂಡಂಗ ಕಾಣಾಕತ್ತಾವ," ಅಂದಳು. ಆಮೇಲೆ ಅಪ್ಪನ ಕಡೆ ನೇರವಾಗಿ ನೋಡಿ, "ಮುಂಜಾನಿ ಒಂದು ಸತ್ತದಂತಲ್ಲ?" ಅಂದಳು.

"ಬಿಸಲಿಗೆ ಸತ್ತದರೀ. ಹುಗದೀನಿ."

"ಹುಗದೀರೋ, ಗಡಿಗ್ಯಾಗ ಹಾಕೀರೋ, ನಮಗೇನು ಗೊತ್ತು? ಜೀವ ಇದ್ದದ್ದೊಂದು ನಮ್ಮ ಕಣ್ಣ ಮುಂದ ಕೊಯ್ರಿ. ಉಣ್ತೀವಿ."

ಎಲ್ಲರೂ ಹಿತ್ತಲಿಗೆ ಬಂದರು. ಅಪ್ಪ ಗೂಡಿನಿಂದ ಒಂದನ್ನು ತಂದು ನೆಲಕ್ಕೆ ಒತ್ತಿ ಹಿಡಿದು ಕುಳಿತ. ಕೋಳಿ ಒದ್ದಾಡಲಿಲ್ಲ, ಅವನ ಕೈಯ ಪರಿಚಯ ಅದಕ್ಕಿತ್ತು. ಚೂರಿ ಹಿಡಿದ ಕೈ ಮೊದಲು ಸಣ್ಣಗೆ, ಆಮೇಲೆ ಎಲ್ಲರಿಗೂ ಕಾಣುವಷ್ಟು ನಡುಗಿತು. ಹಣೆಯ ಬೆವರು ಮೂಗಿನ ತುದಿಗೆ ಇಳಿದು ತೊಟ್ಟಿಕ್ಕಿತು. ನಾನು ಅಕ್ಕನ ಮುಖ ನೋಡಿದೆ, ಅವಳು ನೆಲ ನೋಡುತ್ತಿದ್ದಳು.

"ಯಾಕ ನಡಗಾಕತ್ತೀರಿ ಬೀಗರ?" ಅಂದ ಹುಡುಗನ ಅಪ್ಪ. "ಕೋಳಿಗೆ ರೋಗ ಅದ ಏನು?"

ಗೋಡೆಯ ಮೇಲೆ ಟೇಲರನ ಹೆಂಡತಿಯ ತಲೆ ಕಾಣಿಸಿಕೊಂಡಿತು. ಆಗ ಅಡುಗೆಮನೆಯಿಂದ ಅವ್ವ ಬಂದಳು. ಸೆರಗನ್ನು ಸೊಂಟಕ್ಕೆ ಸಿಗಿಸಿ ಅಪ್ಪನ ಕೈಯಿಂದ ಚೂರಿ ತೆಗೆದುಕೊಂಡಳು.

"ನೀವು ಹಿಡೀರಿ. ಹಿಡಿಯೋದು ನಿಮಗ ಬರ್ತದ," ಅಂದಳು.

ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು.

ಮೊದಲು ಮಾತಾಡಿದವಳು ಅಜ್ಜಿ. "ಎಷ್ಟು ದಿನದ ಆಟ ಇದು?"

"ಮದುವಿ ಆದ ವರ್ಸದಿಂದ, ಅತ್ತಿ," ಅಂದಳು ಅವ್ವ. ದನಿಯಲ್ಲಿ ಹೆದರಿಕೆ ಇರಲಿಲ್ಲ, ಮಗ್ಗುಲು ಬದಲಿಸಿದವರ ಸಮಾಧಾನವಿತ್ತು.

ಸೋದರತ್ತೆ ಬೇರೆ ಏನನ್ನೂ ಕೇಳಲಿಲ್ಲ. ಕೋಳಿ ಸೀಳುವಾಗ ಎದುರಿಗೇ ಕುಕ್ಕರುಗಾಲಲ್ಲಿ ಕುಳಿತು, ಕಲೇಜಿಯನ್ನು ಅಂಗೈಯಲ್ಲಿಟ್ಟುಕೊಂಡು ಬಿಸಿಲಿಗೆ ಹಿಡಿದು ನೋಡಿದಳು, ಮೂಸಿದಳು. ಊಟಕ್ಕೆ ಕುಳಿತಾಗ ಮೊದಲು ತಾನು ಎರಡು ತುತ್ತು ತಿಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹುಡುಗನಿಗೆ ತಿನ್ನಲು ಸನ್ನೆ ಮಾಡಿದಳು. ಆಯಿತು ಎಂದೂ ಹೇಳದೆ, ಆಗದು ಎಂದೂ ಹೇಳದೆ ಎದ್ದು ಹೋದರು. ಮರುದಿನ ಬೆಳಿಗ್ಗೆ ಅಜ್ಜಿಯೂ ಗಂಟು ಕಟ್ಟಿಕೊಂಡು ದೇವದುರ್ಗದ ಬಸ್ಸು ಹತ್ತಿ ಅರಕೇರಾಕ್ಕೆ ಹೋಗಿಬಿಟ್ಟಳು.

ಆಮೇಲಿನ ವಾರಗಳಲ್ಲಿ ನಮ್ಮ ಮನೆಯಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗೆ ಅನುಮಾನ. ಅವ್ವ ಚೂರಿ ಮುಟ್ಟಿದ್ದರಿಂದಲೇ ಸಂಬಂಧ ಮುರಿಯಿತು ಎಂದು ಅಪ್ಪ ಅಂದುಕೊಂಡಿದ್ದ. ಬಾಯಿಬಿಟ್ಟು ಹೇಳದಿದ್ದರೂ ತಾಟಿನ ಮುಂದೆ ಕುಳಿತ ಬಗೆಯಲ್ಲೇ ಅದು ಗೊತ್ತಾಗುತ್ತಿತ್ತು. ಸತ್ತ ಕೋಳಿಯ ಸುದ್ದಿ ಹೇಳಿದ ಟೇಲರನ ಹೆಂಡತಿಯ ಮೇಲೆ ಅವ್ವನಿಗೆ ಸಿಟ್ಟು. ಅಕ್ಕ ಮಾತ್ರ ನನ್ನನ್ನು ಒಬ್ಬಳೇ ಇದ್ದಾಗ ಹಿಡಿದು, "ಕಣ್ಣ ಮುಂದನ ಕೊಯ್ರಿ ಅಂತ ಯಾಕ ಹಟ ಹಿಡದ್ರು? ಅವ್ವನ ಸುದ್ದಿ ನೀ ಸಾಲ್ಯಾಗ ಯಾರಿಗರ ಹೇಳಿದ್ದಿ ಏನು?" ಎಂದು ಕೇಳಿದಳು. ನಾನು ಹೇಳಿರಲಿಲ್ಲ. ಆದರೂ ಅಳು ಬಂತು, ಅಳುವುದನ್ನು ಕಂಡು ಅವಳ ಅನುಮಾನ ಹೆಚ್ಚಾಯಿತು.

ಮೊದಲ ಮಳೆ ಬಿದ್ದ ವಾರ, ಸಂತೆಯ ದಿನ, ಅಪ್ಪ ಮಧ್ಯಾಹ್ನವೇ ಮನೆಗೆ ಬಂದ. ಅವನ ಹಿಂದೆ ಹುಡುಗನ ಸೋದರತ್ತೆ ಒಬ್ಬಳೇ ಬರುತ್ತಿದ್ದಳು. ಬೆಳಗಿನಿಂದ ಆಕೆ ದನದ ದವಾಖಾನೆಯ ಕಟ್ಟೆಯ ಮೇಲೆ ತಲೆತುಂಬ ಸೆರಗು ಹೊದ್ದು ಯಾರದೋ ಮೇಕೆಯ ಪಕ್ಕದಲ್ಲಿ ಕುಳಿತಿದ್ದಳಂತೆ. ಮೇಕೆಯ ನಿಜವಾದ ಒಡೆಯ ಅದನ್ನು ಹೊಡೆದುಕೊಂಡು ಹೋದ ಮೇಲೂ ಆಕೆ ಅಲ್ಲಿಯೇ ಕುಳಿತದ್ದರಿಂದ ಅಪ್ಪನಿಗೆ ಗುರುತು ಹತ್ತಿತ್ತು.

ನೀರು ಕುಡಿದು, ತಂಬಿಗೆ ಕೆಳಗಿಟ್ಟು ಆಕೆ ನೇರವಾಗಿ ಮಾತಿಗೆ ಬಂದಳು.

"ನಮ್ಮ ಅಣ್ಣ ಅಂತಾನ, ಹುಡುಗಿ ಅಪ್ಪಗ ನಡುಕಿನ ಬ್ಯಾನಿ ಅದ, ಇಲ್ಲಾ ಕುಡಿತಾನ. ಬ್ಯಾನಿ ಇದ್ರ ಮಕ್ಕಳಿಗೂ ಬರ್ತದ. ಅದಕ್ಕ ನೋಡಾಕ ಬಂದೆ. ಇವತ್ತು ಎಮ್ಮಿ ಹಿಡದ್ರಿ, ಹೋರಿ ಹಿಡದ್ರಿ. ಕೈ ಕಲ್ಲಿನಂಗಿತ್ತು. ಆ ದಿನ ಒಂದು ಕೋಳಿ ಮುಂದ ಏನಾಗಿತ್ತು?"

ನಾವು ಅವ್ವನ ಚೂರಿ, ಸತ್ತ ಕೋಳಿ ಎಂದು ಹೆದರಿ ಕುಳಿತಿದ್ದರೆ, ಅವರ ಅನುಮಾನ ಇದ್ದದ್ದು ಅಪ್ಪನ ಕೈಯ ಮೇಲೆ.

ಅಪ್ಪ ತಾನು ಕುಳಿತಿದ್ದ ಹೊರಸಿನ ಸಡಿಲ ಹಗ್ಗವನ್ನು ಬೆರಳಿನಿಂದ ಎಳೆದು ಬಿಗಿ ಮಾಡಿದ. ಕೊನೆಗೆ ಅಂದ: "ಉಣ್ಣಾಕ ಉಣ್ತೀನ್ರೀ. ಸುಳ್ಳು ಯಾಕ ಹೇಳ್ಲಿ. ಆದ್ರ ಸಾಕಿದ್ದನ್ನ ಕೊಯ್ಯಾಕ ನನ್ನ ಕೈಲೆ ಆಗಂಗಿಲ್ಲ. ಅದು ನನ್ನ ಮಾರಿ ನೋಡ್ತದ. ಊರಾಗ ಕುರಿನೂ ಕೊಯ್ದಿಲ್ಲ ನಾನು. ಜ್ವರ ಬಂದಾವ ಅಂತ ನಮ್ಮಪ್ಪಗ ಸುಳ್ಳು ಹೇಳಿ ಮಲಗತಿದ್ದೆ."

ಅಪ್ಪ ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಸೋದರತ್ತೆ ಅವಳ ಕಡೆ ತಿರುಗಿದಳು.

"ನಿನಗ ಹೆಂಗ ಆಗ್ತದ?"

"ನನಗೂ ಆಗ್ತಿದ್ದಿಲ್ಲರೀ ಮೊದಲ. ಮಕ್ಕಳು ಉಣ್ಣಬೇಕಲ್ಲ. ಇಬ್ಬರಾಗ ಒಬ್ಬರು ಕೊಯ್ಯಬೇಕು."

"ನಿನಗ ಬರ್ತದೇನು?" ಈ ಸಲ ಪ್ರಶ್ನೆ ಅಕ್ಕನಿಗೆ.

ಅಕ್ಕ ಅವ್ವನ ಮುಖ ನೋಡಿದಳು. "ಬರ್ತದ," ಅಂದಳು. ಅದು ಪೂರ್ತಿ ಸುಳ್ಳು. ಅವಳು ಅದುವರೆಗೆ ಚೂರಿಯಲ್ಲಿ ಈರುಳ್ಳಿ ಬಿಟ್ಟು ಬೇರೇನನ್ನೂ ಕೊಯ್ದಿರಲಿಲ್ಲ. ಸೋದರತ್ತೆ ಅವಳ ಕೈಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದಳು. ನಂಬಿದಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

"ನಮ್ಮ ಗಂಡಸರು ಹೊಲಕ್ಕ ಹೋದ್ರ ಸಂಜಿತನಕ ಬರಂಗಿಲ್ಲ," ಅಂದಳು ಏಳುತ್ತಾ. "ಕಲಿತದ್ದು ಉಪಯೋಗಕ್ಕ ಬರ್ತದ. ಆದ್ರ ಲಗ್ನದ ಊಟಕ್ಕ ಜವಾರಿ ಕೋಳಿನ ಆಗಬೇಕು. ನಿಮ್ಮ ಈ ಬಿಳೇವನ್ನ ನಾ ಇನ್ನೂ ನಂಬಂಗಿಲ್ಲ."

ಅಕ್ಕನ ಮದುವೆ ದೀಪಾವಳಿಯ ನಂತರ ಆಯಿತು. ಅಷ್ಟರೊಳಗೆ ಅವಳು ಗೂಡಿನಲ್ಲಿ ಉಳಿದಿದ್ದ ಕೋಳಿಗಳ ಮೇಲೆ ಕೆಲಸ ಕಲಿತಳು. ಮೊದಲನೆಯದನ್ನು ಕೊಯ್ದ ದಿನ ಚೂರಿ ಎಸೆದು ವಾಂತಿ ಮಾಡಿಕೊಂಡಳು. ಅವ್ವ ಅವಳ ಬೆನ್ನು ಸವರಿ, "ಚೂರಿ ಮೊಂಡ ಇರಬಾರದು. ಅದಕ್ಕ ಬಹಳ ಹೊತ್ತು ನೋವಾಗಬಾರದು. ಅದಿಷ್ಟು ನೆನಪಿಟ್ಕೋ," ಅಂದಳು. ನಾಲ್ಕನೆಯದಕ್ಕೆ ಅಕ್ಕನ ಕೈ ಹಿಡಿತಕ್ಕೆ ಬಂತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಟೇಲರನ ಹೆಂಡತಿ ಹಿತ್ತಲ ಬಾಗಿಲು ತಟ್ಟಿದಳು. ಸೆರಗಿನ ಕೆಳಗೆ ಒಂದು ಕೆಂಪು ಹುಂಜ ಮಿಸುಕುತ್ತಿತ್ತು. ಗಂಡ ಊರಲ್ಲಿಲ್ಲ, ಅಣ್ಣಂದಿರು ಸಂಜೆ ಊಟಕ್ಕೆ ಬರುತ್ತಾರೆ, ಹಾದಿಯಲ್ಲಿ ಒಬ್ಬ ಗಂಡಸೂ ಇಲ್ಲ, ಯಾರಿಗೂ ಹೇಳಬಾರದು ಎಂದಳು. ಅವ್ವ ಅವಳನ್ನು ಒಂದು ಗಳಿಗೆ ನಿಲ್ಲಿಸಿ ನೋಡಿದಳು. ಆಮೇಲೆ ಹುಂಜವನ್ನು ಕೈಗೆ ತೆಗೆದುಕೊಂಡಳು.

ಮುಂದಿನ ವರ್ಷ ಅಪ್ಪನಿಗೆ ದೇವದುರ್ಗಕ್ಕೆ ವರ್ಗವಾಯಿತು. ಬಾಡಿಗೆ ಮನೆಗೆ ಹಿತ್ತಲು ಇರಲಿಲ್ಲ, ಮುಂದೆ ಒಂದು ತೆರೆದ ಅಂಗಳವಷ್ಟೇ. ಅರಕೇರಾ ಹತ್ತಿರವಾದ್ದರಿಂದ ಅಜ್ಜಿಯೂ ಬಂದು ಸೇರಿಕೊಂಡಳು. ಹಳೆಯ ಮಾತು ಅವಳು ಎತ್ತಲಿಲ್ಲ, ಅವ್ವನೂ ಎತ್ತಲಿಲ್ಲ. ಮೊದಲ ಭಾನುವಾರ ಅವ್ವ ಅಂಗಳದಲ್ಲಿ ನೀರು ಚಿಮುಕಿಸಿ, ಕೋಳಿ ಹಿಡಿದು ಕುಳಿತಳು. ಎದುರು ಮನೆಯ ಕಿಟಕಿಯಲ್ಲಿ ಎರಡು ಮುಖ, ಪಕ್ಕದ ಕಟ್ಟೆಯ ಮೇಲೆ ಮೂರು ಮುಖ. ಹೊಸ ಊರು, ಹೊಸ ಜನ. ನಾನು ಓಡಿ ಹೋಗಿ ಅಂಗಳದ ಗೇಟನ್ನು ಮುಚ್ಚಲು ಹೊರಟೆ.

"ತೆರದಿರ್ಲಿ ಬಿಡು," ಅಂದಳು ಅವ್ವ.

ಅಜ್ಜಿ ಕೋಲು ಊರಿಕೊಂಡು ಹೊರಗೆ ಬಂದು, ಹೊಸ್ತಿಲ ಮೇಲೆ ಓಣಿಯ ಕಡೆ ಮುಖ ಮಾಡಿ ಕುಳಿತಳು. ಅಂಗೈಯನ್ನು ಹುಬ್ಬಿನ ಮೇಲಿಟ್ಟು ಒಂದೊಂದೇ ಮುಖವನ್ನು ದಿಟ್ಟಿಸತೊಡಗಿದಳು.

"ಯಾರ್ಯಾರು ನೋಡಾಕತ್ತಾರ, ನಾನೂ ನೋಡ್ತೀನಿ," ಅಂದಳು. ಕಿಟಕಿಯಲ್ಲಿದ್ದ ಮುಖಗಳು ಹಿಂದೆ ಸರಿದವು. ಸ್ವಲ್ಪ ಹೊತ್ತಿನ ಮೇಲೆ, ತಿರುಗಿ ನೋಡದೆಯೇ, "ಕಲೇಜಿ ನನಗ ಇರ್ಲಿ. ಮೆತ್ತಗ ಅದ, ಹಲ್ಲಿಗೆ ಆಗ್ತದ," ಅಂದಳು.