ಸ್ಟೂಲಿಗೆ ದೃಷ್ಟಿಯಾದ ದಿನ

ನಮ್ಮ ಕಾಕಾನ ಹೊಟ್ಟೆಯ ಹುಣ್ಣು ವಾಸಿಯಾದದ್ದು ಅವರ ಹೆಂಡತಿ ಕಾಕು ದೃಷ್ಟಿ ತೆಗೆದದ್ದರಿಂದ ಎಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆಯ ನಮ್ಮ ನೆಂಟರು ಹೇಳುತ್ತಾರೆ. ನಾಲ್ಕು ತಾಲೂಕಿನವರು ಕೂಡಿ ಹೇಳಿದರೆ ಒಂದು ಮಾತು ನಿಜವಾಗುತ್ತದೆಯೇ? ಆಗುವುದಿಲ್ಲ. ಜೋರಾಗುತ್ತದೆ, ಅಷ್ಟೇ.

ಕಳೆದ ವಾರ ಸಿಂದಗಿ ಬಸ್ಸಿನಲ್ಲಿ ಯಾರದೋ ಚೀಲದೊಳಗೆ ಆಗಷ್ಟೇ ಕುಟ್ಟಿಸಿದ ಮಸಾಲೆ ಖಾರವಿತ್ತು. ಬಸ್ಸು ಹೊರಡುವ ಮೊದಲೇ ಸೀನು ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಸರದಿಯ ಮೇಲೆ ಬಂತು. ಕಂಡಕ್ಟರ್ ಟಿಕೆಟ್ ಹರಿಯುತ್ತಲೇ ಸೀನಿದ. ನನ್ನ ಪಕ್ಕದಲ್ಲಿದ್ದ ಸಿಂದಗಿಯ ಅತ್ತೆ, ಅಂದರೆ ಕಾಕಾನ ತಂಗಿ, ಸೆರಗಿನಿಂದ ಮೂಗು ಒರೆಸಿಕೊಂಡು ಗುರುತೇ ಇಲ್ಲದ ಒಬ್ಬ ಹೆಣ್ಣುಮಗಳಿಗೆ ಶುರು ಮಾಡಿದಳು: "ನಮ್ಮ ಅಣ್ಣಗ ಹೊಟ್ಟ್ಯಾಗ ಹುಣ್ಣಾಗಿತ್ರೀ. ನಮ್ಮ ವೈನಿ ಮೆಣಸಿನಕಾಯಿ ನಿವಾಳಿಸಿ ಒಗದ್ಳು ನೋಡ್ರಿ, ಹುಣ್ಣು ಹೋತು." ನಾನು ಖಂಡಿಸಲು ಬಾಯಿ ತೆರೆದೆ. ಸೀನು ಬಂತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅರ್ಧ ಡಜನ್ ಸ್ಟೀಲ್ ಲೋಟ ಗೆದ್ದವನಿಗೆ ಇದು ಅವಮಾನ. ಆದ್ದರಿಂದ ಬಸ್ಸಿನಲ್ಲಿ ಉಳಿದುಹೋದ ನನ್ನ ವಾದವನ್ನು ನಿಮ್ಮ ಮುಂದೆ ಇಡುತ್ತೇನೆ. ನೀವಾದರೂ ಸೀನದೆ ಕೇಳಿ.

ಇಂಡಿಯಲ್ಲಿರುವ ಕಾಕುವಿನ ಅಡುಗೆಮನೆ ಅರ್ಧ ಔಷಧದ ಅಂಗಡಿ. ಹಲ್ಲುನೋವಿಗೆ ಲವಂಗ, ಹೊಟ್ಟೆ ಉಬ್ಬಿದರೆ ಅಜವಾನ, ಕೆಮ್ಮಿಗೆ ಹಾಲು ಅರಿಷಿಣ, ಮಂಡಿಗೆ ಮೆಂತ್ಯ. ಇವುಗಳಲ್ಲಿ ಕೆಲವು ಕೆಲಸ ಮಾಡುತ್ತವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಲೋಟವನ್ನು ಲವಂಗ ಕಚ್ಚಿಕೊಂಡೇ ಗೆದ್ದಿದ್ದೇನೆ. ನನ್ನ ತಕರಾರು ಬೇರೆ. ಅಷ್ಟು ಡಬ್ಬಿಗಳಲ್ಲಿ ಒಂದಾದರೂ ಕೆಟ್ಟದ್ದು ಮಾಡಬಹುದು ಎಂದು ಕಾಕು ಒಪ್ಪುವುದಿಲ್ಲ. ಹಾಗಾದರೆ ರೋಗ ಬರುವುದು ಎಲ್ಲಿಂದ? "ಮಂದಿ ಕಣ್ಣಿನಿಂದ," ಎನ್ನುತ್ತಾಳೆ.

ಎಲ್ಲ ಡಬ್ಬಿಗಳ ಮೇಲಿನ ದೊರೆ ಅವಳ ಮಸಾಲೆ ಖಾರ. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಬೆಳ್ಳುಳ್ಳಿ ಎಲ್ಲ ಸೇರಿಸಿ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕುಟ್ಟಿಸುತ್ತಾಳೆ. ನಾಲ್ಕೂ ಊರಿಗೆ ಡಬ್ಬಿ ಹೋಗುತ್ತದೆ. ಕಾಕು ಹುಟ್ಟಿ ಬೆಳೆದು ಏನು ಮಾಡಿದಳು ಎಂದು ಯಾರಾದರೂ ಕೇಳಿದರೆ, ಅವಳು ತೋರಿಸಬಹುದಾದದ್ದು ಅದೊಂದೇ, ಮತ್ತು ಅದು ಸಾಕು ಎಂಬಂತೆ ಇರುತ್ತಾಳೆ. ನಿಂಬೆಹಣ್ಣಿನ ವ್ಯಾಪಾರಿಯಾದ ಕಾಕಾ ಆ ಖಾರದ ಮೊದಲ ಭಕ್ತರು. ರೊಟ್ಟಿಯ ಮೇಲೆ ಖಾರ, ಅದರ ಮೇಲೆ ಎಣ್ಣೆ.

ಮೂರು ವರ್ಷದ ಹಿಂದೆ, ನಾನೂ ಅಪ್ಪನೂ ಅದೇ ಮನೆಯಲ್ಲಿದ್ದಾಗ, ಆ ಭಕ್ತರ ಹೊಟ್ಟೆ ಉರಿಯತೊಡಗಿತು. ವಿಜಯಪುರದ ಡಾಕ್ಟರೊಬ್ಬರು ಬಾಯಿಂದ ನಳಿಗೆ ಇಳಿಸಿ ನೋಡಿ, ಹುಣ್ಣು ಎಂದರು. ಗುಳಿಗೆ ಕೊಟ್ಟರು. ಖಾರ ಬಿಡಬೇಕು, ಇಲ್ಲದಿದ್ದರೆ ರಕ್ತ ಬರುವ ಹಂತಕ್ಕೆ ಹೋದೀತು ಎಂದರು. ಖಾರದಿಂದಲೇ ಹುಣ್ಣಾಯಿತು ಎಂದು ಅವರು ಹೇಳಲಿಲ್ಲ. ಹುಣ್ಣಿದ್ದವರಿಗೆ ಖಾರ ಬೇಡ ಎಂದರು, ಅಷ್ಟೇ. ಈ ಎರಡರ ನಡುವಿನ ವ್ಯತ್ಯಾಸ ನನಗೆ ತಿಳಿದಿತ್ತು. ಆದರೆ ವಾದಕ್ಕೆ ಅನುಕೂಲವಾಗಿರಲಿಲ್ಲವಾದ್ದರಿಂದ ಮನೆಯಲ್ಲಿ ಹೇಳಲಿಲ್ಲ.

"ಡಾಕ್ಟರ್ ಹೊಟ್ಟಿ ಒಳಗ ನೋಡ್ಯಾನ. ಹೊಟ್ಟಿ ಮ್ಯಾಲ ಬಿದ್ದ ಕಣ್ಣು ನೋಡ್ಯಾನೇನು?" ಎಂದಳು ಕಾಕು. "ಮುದ್ದೇಬಿಹಾಳದ ಮದಿವ್ಯಾಗ ಇವರು ಉಣ್ಣೂದು ನೋಡಿ ಯಾರೋ ಏನ್ ಉಣ್ತಾರಪಾ ಅಂದ್ರು. ಅಂದಿನಿಂದ ಹಿಡದೈತಿ."

"ಕಾಕು, ಹಿಡದದ್ದು ನಿನ್ನ ಖಾರ," ಎಂದೆ.

ಅವಳು ಲಟ್ಟಣಿಗೆ ಕೆಳಗಿಟ್ಟಳು. "ಹಂಗಾರ ಇಷ್ಟ್ ವರ್ಷ ನಾಲ್ಕು ಊರಿಗೆ ವಿಷ ಹಂಚೀನೇನೋ ನಾ?"

ಅದಕ್ಕೆ ಉತ್ತರ ಕೊಟ್ಟವರು ಕಾಕಾ: ಅವರು ತಾಟು ಎಳೆದುಕೊಂಡು ಎಂದಿನಷ್ಟೇ ಖಾರ ಹಾಕಿಸಿಕೊಂಡು ಉಂಡರು. ಖಾರ ಬಿಟ್ಟರೆ ಹೆಂಡತಿಯ ವಿರುದ್ಧ ಸಾಕ್ಷಿ ಹೇಳಿದಂತೆ. ಉಂಡು, ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತರು.

ಮರುದಿನ ಕಾಕು ಒಣಮೆಣಸಿನಕಾಯಿ, ಉಪ್ಪು ಹಿಡಿದು ಅವರ ಸುತ್ತ ನಿವಾಳಿಸಿದಳು. "ಬಂದವರ ಕಣ್ಣು, ಹೋದವರ ಕಣ್ಣು, ಮುದ್ದೇಬಿಹಾಳದಾಗ ಎದುರಿನ ಪಂಕ್ತ್ಯಾಗ ಕುಂತವರ ಕಣ್ಣು." ಹಿತ್ತಲಿನಲ್ಲಿ ಧಗಧಗ ಉರಿಯುತ್ತಿದ್ದ ನೀರೊಲೆಗೆ ಒಗೆದಳು. ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ಇದೆ. ಬರಲಿಲ್ಲ.

ನಿಮಗೂ ಹೊಳೆದಿರಬೇಕು. ಹೊಟ್ಟೆಯೊಳಗಿನ ಮೆಣಸಿನಕಾಯಿ ಆರೋಪಿ. ಒಲೆಯೊಳಗಿನ ಮೆಣಸಿನಕಾಯಿ ಪಂಚನಾಮೆಗೆ ಬಂದ ಫೌಜದಾರ. ಇಬ್ಬರೂ ಒಂದೇ ಚೀಲದವರು. ನಾನು ಎದ್ದು ನಿಂತು ಸವಾಲು ಹಾಕಿದೆ: ದೃಷ್ಟಿ ತಾಗಲು ಸಾಧ್ಯವೇ ಇಲ್ಲದವರಿಗೆ ಒಮ್ಮೆ ನಿವಾಳಿಸೋಣ. ಘಾಟು ಬಂದರೆ ನೀ ಗೆದ್ದೆ.

ಸವಾಲು ಶುದ್ಧವಾಗಿತ್ತು. ತೊಂದರೆ ಬಂದದ್ದು ಮನುಷ್ಯನನ್ನು ಹುಡುಕುವಾಗ. ಯಾರೂ ಹೊಟ್ಟೆಕಿಚ್ಚು ಪಡದಂಥವನು ನಾನು ಎಂದು ಒಪ್ಪಿ ಮುಂದೆ ಬರುವವರು ಯಾರು? ಅಪ್ಪನನ್ನು ಕೇಳಿದರೆ, "ನನಗೇನು ಕಮ್ಮಿ ಆಗೇತೋ?" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಪಕ್ಕದ ಮನೆಯಾಕೆ, "ಮೊನ್ನಿ ಮಿಕ್ಸರ್ ತಂದೇವ್ರಿ ನಾವು," ಎಂದು ಮುಖ ತಿರುವಿ ಹೋದಳು. ಕೊನೆಗೆ ಕಾಕು ನನ್ನನ್ನೇ ಮೇಲಿಂದ ಕೆಳಗೆ ನೋಡಿದಳು.

"ನೌಕರಿ ಇಲ್ಲ, ಹೆಣ್ಣು ಕೊಡಾವ್ರು ಇಲ್ಲ. ನೀನ ಅದಿಯಲ್ಲೋ ವಕೀಲಸಾಹೇಬ. ಬಾ, ಕುಂದ್ರು."

ವಿಜ್ಞಾನಕ್ಕಾಗಿ ಕೂತೆ. ನಿವಾಳಿಸಿ ಒಗೆದಳು. ಘಾಟು ಬರಲಿಲ್ಲ. ಉರಿ ಜೋರಿದ್ದರೆ, ಮೇಲೆ ಬಯಲಿದ್ದರೆ ಘಾಟು ಬರುವುದೇ ಇಲ್ಲ ಎಂದು ನಾನು ಆ ಕ್ಷಣವೇ ಸಾರಬೇಕಿತ್ತು. ಆದರೆ ಕಾಕು ನನ್ನನ್ನು ಹೊಸಬನಂತೆ ನೋಡುತ್ತ, "ನಿನ್ನ ಮ್ಯಾಲೂ ಯಾರೋ ಕಣ್ಣು ಹಾಕ್ಯಾರಲ್ಲೋ ತಮ್ಮಾ," ಎಂದಾಗ, ಯಾರಿರಬಹುದು ಎಂದು ನಾನು ಯೋಚಿಸತೊಡಗಿದ್ದೆ.

ಸಾವರಿಸಿಕೊಂಡು, ನಾನು ಕೂತಿದ್ದ ಪ್ಲಾಸ್ಟಿಕ್ ಸ್ಟೂಲನ್ನೇ ಮುಂದಿಟ್ಟೆ. ಒಂದು ಕಾಲಿಗೆ ಟೇಪು ಸುತ್ತಿದ ಸ್ಟೂಲು. ಅದಕ್ಕೂ ನಿವಾಳಿಸಿದಳು. ಘಾಟು ಬರಲಿಲ್ಲ.

"ಈಗೇನಂತಿ, ಕಾಕು?"

"ಹೋದ ಸಲ ನಿಮ್ಮ ಸಿಂದಗಿ ಅತ್ತಿ ಬಂದಾಗ, ಇದನ್ನ ಎಲ್ಲಿ ತಂದಿ ಅಂತ ಎರಡು ಸರ್ತಿ ಕೇಳಿದ್ಳು," ಎಂದಳು. ಸ್ಟೂಲನ್ನು ಒಳಗೆ ಒಯ್ದು ಬಾಗಿಲ ಹಿಂದೆ ಇಟ್ಟಳು.

ನನ್ನ ತಾಳ್ಮೆ ಮುಗಿಯಿತು. ಉಳಿದ ಮೆಣಸಿನಕಾಯಿ ಹಿಡಿದು ಒಳಗೆ ಹೋಗಿ, ಯಾರಿಗೂ ನಿವಾಳಿಸದೆ, ಕಾದ ಹಂಚಿಗೆ ಸುರಿದೆ. ಗಳಿಗೆಯೊಳಗೆ ಮನೆಯೆಲ್ಲ ಬೀದಿಯಲ್ಲಿತ್ತು. ಎಲ್ಲರೂ ಕೆಮ್ಮುತ್ತಿದ್ದೆವು. ನಾನು ಕೆಮ್ಮಿನ ನಡುವೆಯೇ ಗೆಲುವು ಸಾರುತ್ತಿದ್ದೆ. ಆಗ ಕಾಕಾ ಕಟ್ಟೆಯ ಮೇಲೆ ನಡು ಮಡಿಸಿ ಬಾಗಿದ್ದು ಕಾಣಿಸಿತು. ಕೆಮ್ಮಿದಷ್ಟೂ ಹೊಟ್ಟೆಯನ್ನು ಒಳಗೆ ಒತ್ತಿ ಹಿಡಿಯುತ್ತಿದ್ದರು, ತುಟಿ ಬಿಳಿಚಿತ್ತು.

"ಸಾಕು ಮಾಡೋ," ಎಂದಳು ಕಾಕು. ನೀರು ಕುಡಿಸಿದಳು. ಕೂಡಿದ್ದ ಓಣಿಯವರು ಏನಾಯಿತೆಂದು ಕೇಳಿದರೆ, "ಘಾಟು ಬಂತ್ರಿ, ದೃಷ್ಟಿ ಹೋತು," ಎಂದಳು. ಅವಳ ಕಣ್ಣು ಮಾತ್ರ ಕಾಕಾನ ಮುಖ ಬಿಟ್ಟು ಕದಲಲಿಲ್ಲ. ನೆಂಟರ ಕಥೆ ಹುಟ್ಟಿದ್ದು ಆ ಕಟ್ಟೆಯ ಮೇಲೆ.

ಆಮೇಲೂ ಕಾಕಾ ಖಾರ ಬಿಡಲಿಲ್ಲ. ತಾಟು ಮೊದಲಿನಷ್ಟೇ ಕೆಂಪು. ಆದರೂ ಉರಿ ಇಳಿಯಿತು. ಮತ್ತೊಮ್ಮೆ ನಳಿಗೆ ಇಳಿಸಿ ನೋಡಿದ ಡಾಕ್ಟರು, "ಖಾರ ಬಿಟ್ಟದ್ದು ಚಲೋ ಆತು ನೋಡ್ರಿ," ಎಂದರು. ಕಾಕಾ ಚೀಟಿ ಮಡಚಿ ಕಿಸೆಗೆ ಹಾಕಿಕೊಂಡರು. ಗುಳಿಗೆ ಕೆಲಸ ಮಾಡಿರಬೇಕು ಎಂದು ನಾನು ತೀರ್ಪು ಬರೆದುಕೊಂಡೆ. ಆದರೆ ದಿನಾ ಖಾರ ಉಂಡೂ ಮಾಯ್ದ ಹುಣ್ಣು ನನ್ನ ವಾದದಲ್ಲಿ ಕಲ್ಲಿನ ಹರಳಿನಂತೆ ಉಳಿದುಕೊಂಡಿತು.

ನಿನ್ನೆ ಇಂಡಿಗೆ ಹೋಗಿದ್ದೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತಿದ್ದವು. ಮೊದಲೆಲ್ಲ ಅಲ್ಲಿ ಎರಡು ರಾಶಿ ಇರುತ್ತಿದ್ದವು: ನುಣ್ಣಗಿನ ಗುಂಟೂರು ಖಾರಕ್ಕೆ, ಸುಕ್ಕುಸುಕ್ಕಾದ ಬ್ಯಾಡಗಿ ಬಣ್ಣಕ್ಕೆ. ಈಗ ಇದ್ದದ್ದು ಬ್ಯಾಡಗಿಯೊಂದೇ.

"ಗುಂಟೂರು ಎಲ್ಲೈತಿ, ಕಾಕು?"

"ಈ ವರ್ಷ ಚಲೋ ಬಂದಿಲ್ಲ."

"ಹೋದ ವರ್ಷ?"

"ಆಗೂ ಬಂದಿದ್ದಿಲ್ಲ. ಅದರ ಹಿಂದಿನ ವರ್ಷನೂ," ಎಂದು ಬೆನ್ನು ತಿರುಗಿಸಿ ಕಾಯಿ ಹೊರಳಿಸತೊಡಗಿದಳು.

ಅದರ ಹಿಂದಿನ ವರ್ಷ ಎಂದರೆ, ನಾವೆಲ್ಲ ಬೀದಿಗೆ ಓಡಿಬಂದ ಮೇಲೆ ಕುಟ್ಟಿಸಿದ ಮೊದಲ ಖಾರ. ಅಂದಿನಿಂದ ನಾಲ್ಕು ತಾಲೂಕು ಬರೀ ಬಣ್ಣ ಉಂಡು ಕಣ್ಣೀರು ಹಾಕುತ್ತಿದೆ. ಬಾಗೇವಾಡಿಯವರು ಈಗಲೂ ಫೋನ್ ಮಾಡಿ, "ಖಾರ ಅಂದ್ರ ನಿಮ್ಮದು, ಬೆಂಕಿ," ಎನ್ನುತ್ತಾರೆ. ರೋಗ ಕಣ್ಣಿನಿಂದ ಬಂದದ್ದಾದರೆ ಮೆಣಸಿನಕಾಯಿ ಯಾಕೆ ಬದಲಾಯಿತು? ಇದಕ್ಕಿಂತ ಚೂಪಾದ ವಾದ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅವಳು ಕಾಕಾನಿಗೆ ಬಡಿಸಲು ಕೆಳಗಿಳಿದಾಗ ನಾನೂ ಹಿಂದೆಯೇ ಇಳಿದೆ, ಗಂಡನ ಮುಂದೆಯೇ ಕೇಳಿಬಿಡೋಣವೆಂದು.

ಕಾಕಾ ಉಣ್ಣುತ್ತಿದ್ದರು. ಒಂದು ತುತ್ತಿಗೆ ಹಾ ಎಂದು ಬಾಯಿ ತೆರೆದು, ಟವೆಲಿನಿಂದ ಹಣೆ ಒರೆಸಿಕೊಂಡರು. "ಏನ್ ಖಾರ ಮಾಡಿ ಮಾರಾಯ್ತಿ. ಬೆವರು ಇಳ್ಯಾಕತ್ತೇತಿ."

"ಹಗೂರಕ ಉಣ್ರಿ. ಗಂಡಸರಾಗಿ ಇಷ್ಟಕ್ಕ ಬೆವರ್ತೀರಿ," ಎಂದಳು ಕಾಕು. ಮುಖದಲ್ಲಿ ಹೆಮ್ಮೆ ಹಿಡಿಸುತ್ತಿರಲಿಲ್ಲ.

ನಾನು ಆ ಹಣೆಯನ್ನು ಹತ್ತಿರದಿಂದ ನೋಡಿದೆ. ಒಂದು ಹನಿ ಇರಲಿಲ್ಲ. ಅವರ ತಾಟಿನಿಂದ ಬೆರಳಲ್ಲಿ ಖಾರ ತೆಗೆದು ನಾಲಿಗೆಗೆ ಇಟ್ಟುಕೊಂಡೆ. ಕೊಬ್ಬರಿ, ಬೆಳ್ಳುಳ್ಳಿ, ಘಮ್ಮೆನ್ನುವ ಕೆಂಪು. ನಾಲಿಗೆ ತಣ್ಣಗೇ ಇತ್ತು.

"ಹೆಂಗೈತೋ ವಕೀಲ?" ಎಂದಳು ಕಾಕು.

"ಭಾಳ ಖಾರ ಐತಿ," ಎಂದೆ.

ಅವಳು ಮತ್ತೆ ಮಾಳಿಗೆ ಹತ್ತಿ ಹೋಗುವವರೆಗೆ ಕಾದೆ. ಕಾಕಾ ಟವೆಲು ಮಡಚಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ದನಿ ಇಳಿಸಿ ಕೇಳಿದೆ:

"ಕಾಕಾ, ನಿಮಗ ಯಾವಾಗಿಂದ ಗೊತ್ತೈತ್ರಿ?"