ಬಬಲೇಶ್ವರದಲ್ಲಿ ಕಪ್ಪು ದ್ರವ್ಯ

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೊಂದು ಚಟ: ಯಾರು ಕರೆದರೂ ಹೋಗಿ ಕಪ್ಪು ದ್ರವ್ಯದ ಬಗ್ಗೆ ಮಾತಾಡುವುದು. ನನ್ನ ವಿದ್ಯಾರ್ಥಿಗಳು "ಇದು ಪರೀಕ್ಷಾಕ್ಕ ಬರತೈತೇನ್ರಿ ಸರ್?" ಎಂದು ಕೇಳಿ, ಇಲ್ಲ ಎಂದೊಡನೆ ಆಕಳಿಸುತ್ತಾರೆ. ಒಬ್ಬರಾದರೂ ಬೆರಗಾಗಲಿ ಎಂಬುದು ನನ್ನ ಬಹುದಿನದ ಆಸೆ. ಬಬಲೇಶ್ವರದ ವಾಚನಾಲಯದ ವಾರ್ಷಿಕೋತ್ಸವಕ್ಕೆ ಕರೆ ಬಂದಾಗ ವಿಜಾಪುರದ ಅಥಣಿ ರಸ್ತೆಯ ಮನೆಯಿಂದ ಪ್ರೊಜೆಕ್ಟರ್ ಹೊತ್ತುಕೊಂಡೇ ಹೊರಟೆ.

ಮೊದಲು ಸನ್ಮಾನ. ವೇದಿಕೆಯ ಮೇಲಿದ್ದವರು ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡರು. ತಿಕೋಟಾದಿಂದ ಬಂದ ಹಿರಿಯರದು ಫೋಟೋದಲ್ಲಿ ಸರಿಯಾಗಿ ಬರಲಿಲ್ಲವೆಂದು ತೆಗೆದು ಮತ್ತೆ ಹೊದಿಸಿದರು. ಬ್ರಹ್ಮಾಂಡದ ಸರದಿ ಬರುವಷ್ಟರಲ್ಲಿ ಹಿತ್ತಲಿನಿಂದ ಎಣ್ಣೆಗಾಯಿಯ ವಾಸನೆ ಹೊರಟಿತ್ತು. ಸಂಘಟಕರು ಕಿವಿಯಲ್ಲಿ, "ಸರ್, ಲಗೂ ಮುಗಸ್ರಿ, ರೊಟ್ಟಿ ಆರತಾವ" ಎಂದರು.

ಚಿತ್ರ ಕಾಣಲೆಂದು ಕಿಟಕಿ ಮುಚ್ಚಿ ದೀಪ ಆರಿಸಿದರು. ಹಂತಿಯಿಂದ ಶುರು ಮಾಡಿದೆ. ಕಣದಲ್ಲಿ ಮೇಟಿ ಕಂಬದ ಸುತ್ತ ತೆನೆ ತುಳಿಯುವಾಗ ಹೊರಗಿನ ಎತ್ತು ಎಷ್ಟು ಜೋರಾಗಿ ನಡೆದರೂ ದೂರ ಹೋಗದು, ಹಗ್ಗವಿದೆ. ಸುರುಳಿ ಗೆಲಾಕ್ಸಿಯಲ್ಲಿ ಅಂಚಿನ ನಕ್ಷತ್ರಗಳೂ ಒಳಗಿನವುಗಳಷ್ಟೇ ಜೋರಾಗಿ ಓಡುತ್ತವೆ. ಕಣ್ಣಿಗೆ ಕಾಣುವುದರ ಸೆಳೆತವಷ್ಟೇ ಇದ್ದಿದ್ದರೆ ಅವು ಎಂದೋ ಚದುರಿ ಹೋಗಬೇಕಿತ್ತು. ಹೋಗಿಲ್ಲ. ಅಂದರೆ ಕಾಣದ್ದೇನೋ ಹಿಡಿದಿದೆ, ಅದೇ ಕಪ್ಪು ದ್ರವ್ಯ ಎಂದು ಹೇಳಿ, ತೆರೆಯ ಮೇಲೆ ಗೆಲಾಕ್ಸಿಯನ್ನು ತಿರುಗಿಸಿ ತೋರಿಸಿದೆ.

ಕತ್ತಲಲ್ಲಿ "ಹೂಂರಿ... ಹೌದ್ರಿ... ಖರೇನ ಐತ್ರಿ" ಎಂಬ ದನಿ ಬರುತ್ತಿತ್ತು. ಸಭೆ ತಲೆದೂಗುತ್ತಿದೆ ಎಂದು ಉಬ್ಬಿಹೋಗಿ ಇನ್ನೂ ಅರ್ಧ ಗಂಟೆ ಎಳೆದೆ.

ದೀಪ ಹತ್ತಿತು. ಕುರ್ಚಿಗಳ ಮೇಲೆ ಶಾಲುಗಳಿದ್ದವು, ಜನ ಇರಲಿಲ್ಲ. ಎಲ್ಲರೂ ಕತ್ತಲಲ್ಲೇ ಪಂಕ್ತಿಗೆ ಜಾರಿದ್ದರು. ಹೂಂಗುಟ್ಟುತ್ತಿದ್ದವನು ಬಾಗಿಲಲ್ಲಿ ನಿಂತ ಶಾಮಿಯಾನದವನು, ಅದೂ ಫೋನಿನಲ್ಲಿ. ಕಾಣದ್ದನ್ನು ಇದೆಯೆಂದು ಲೆಕ್ಕ ಹಾಕುವ ನನ್ನ ವಿದ್ಯೆ ಡುಮ್ಕಿ ಹೊಡೆದಿತ್ತು. ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು. ವೈರುಗಳನ್ನು ಸುತ್ತತೊಡಗಿದೆ.

"ತಮ್ಮಾ, ಆ ಕಾಣದ ಹಗ್ಗ ಎದರ್ಲೆ ಹೊಸೆದಾರ?"

ಕೊನೆಯ ಸಾಲಿನಲ್ಲಿ ಒಬ್ಬ ಅಜ್ಜಿ ಕೂತಿದ್ದಳು.

"ಗೊತ್ತಿಲ್ಲ, ಆಯಿ."

"ನಿನಗ ಗೊತ್ತಿಲ್ಲೋ, ಯಾರಿಗೂ ಗೊತ್ತಿಲ್ಲೋ?"

"ಜಗತ್ತಿನ್ಯಾಗ ಯಾರಿಗೂ ಗೊತ್ತಿಲ್ಲ."

"ಯಪ್ಪಾ! ಗೊತ್ತಿಲ್ಲ ಅಂತ ಹೇಳಾಕ ವಿಜಾಪುರದಿಂದ ಇಷ್ಟೆಲ್ಲಾ ಹೊತಗೊಂಡ ಬಂದೀಯೇನ?" ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ನನಗೂ ನಗು ಬಂತು.

ಊಟಕ್ಕೆ ಏಳಬಹುದೆಂದು ನಾನು ಕಾದೆ. ಅವಳು ಏಳಲಿಲ್ಲ, ಖಾಲಿ ತೆರೆಯನ್ನೇ ನೋಡುತ್ತಿದ್ದಳು.

"ರೊಟ್ಟಿ ಆರಲಿ ಬಿಡು," ಎಂದಳು. "ಇನ್ನೊಮ್ಮಿ ತಿರಗಸು, ನೋಡೂಣು."

ಸುತ್ತಿದ ವೈರು ಬಿಚ್ಚಿದೆ. ಈ ಸಲ ನಾನೇ ಹೋಗಿ ದೀಪ ಆರಿಸಿದೆ.