ಪೊರೆ ಬಿಡು, ಪದರ ಹಿಡಿ

ನಮ್ಮ ಪ್ರಯೋಗಾಲಯದಲ್ಲಿ ಆಕೆಗೆ ಪದರದಕ್ಕ ಎಂದೇ ಹೆಸರು. ಮಕ್ಕಳಾಗದವರ ಆಸ್ಪತ್ರೆಯ ಈ ಕಿಟಕಿಯಿಲ್ಲದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತವಳು. ಜೀವಂತ ಅಂಡಕ್ಕೆ ಬಣ್ಣ ಹಚ್ಚುವಂತಿಲ್ಲ, ಹಚ್ಚಿದರೆ ಸಾಯುತ್ತದೆ. ಧ್ರುವೀಕೃತ ಬೆಳಕು ಹಾಯಿಸಿದರೆ ಮಾತ್ರ ಒಳಗೆ ಸಣ್ಣದೊಂದು ಎಳೆಗಂಟು ಮಿನುಗುತ್ತದೆ. ಅದು ಕಂಡರೆ ಅಂಡ ಬಲಿತಿದೆ ಎಂದರ್ಥ; ಕೂಡಲೇ ವೀರ್ಯಾಣು ಸೇರಿಸಬೇಕು, ತಡವಾದರೆ ಕೆಟ್ಟುಹೋಗುತ್ತದೆ. ಆದರೆ ಕಾಣುವುದು ಒಂದೇ ಒಂದು ಪದರದಲ್ಲಿ. ಮೈಕ್ರೋಸ್ಕೋಪಿನ ಫೋಕಸ್ ತಿರುಪು ಕೂದಲೆಳೆಯಷ್ಟು ಆಚೀಚೆಯಾದರೂ ಇಲ್ಲವೇ ಇಲ್ಲ. ಅದಕ್ಕೂ ಮೊದಲು ಅಂಡದ ಹೊರಪೊರೆ ಫಳಫಳ ಹೊಳೆದು ದಾರಿ ತಪ್ಪಿಸುತ್ತದೆ. ಹೊಸಬರೆಲ್ಲ ಎಡವುವುದು ಅಲ್ಲೇ. ನಾನು ಎಡವಿದಾಗ ಆಕೆಯಿಂದ ಬೆನ್ನಿಗೊಂದು ಗುದ್ದು ಬಿದ್ದಿತ್ತು: “ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ! ಪೊರೆ ಬಿಡು, ಪದರ ಹಿಡಿ!”

ಕಳೆದ ತಿಂಗಳು ಬಂದದ್ದು ಆಕೆಯ ತಂಗಿಯದೇ ಅಂಡ. ತಂಗಿಗೆ ನಲವತ್ತೆರಡು. ಇದೇ ಕೊನೆಯ ಸಲ ಎಂದು ಡಾಕ್ಟರು ಹೇಳಿಯಾಗಿತ್ತು. ಸಿಕ್ಕಿದ್ದೂ ಒಂದೇ. “ಬೇರೆ ಯಾರೂ ಬೇಡ, ನಮ್ಮಕ್ಕನೇ ನೋಡ್ಲಿ” ಎಂದು ಅವಳ ಹಟ.

ಅಕ್ಕ ನೋಡಿದಳು. ಬಹಳ ಹೊತ್ತು ನೋಡಿದಳು. ಒಂದು ಚಿತ್ರ ತೆಗೆದಿಟ್ಟಳು.

“ಎಳೆ ಕಾಣ್ತಿಲ್ಲ. ಇನ್ನೂ ಬಲಿತಿಲ್ಲ. ಸಂಜೆ ತನಕ ಕಾಯೋಣ.”

ಪದರದಕ್ಕ ಹೇಳಿದ ಮೇಲೆ ಇನ್ನೇನು ನೋಡುವುದು ಎಂದು ನಾನು ಸುಮ್ಮನಿದ್ದೆ. ಆ ಪಾಪ ನನ್ನ ತಲೆಯ ಮೇಲೂ ಇದೆ.

ಸಂಜೆ ಆಕೆ ಕಣ್ಣುಜ್ಜಿಕೊಳ್ಳುತ್ತ, “ನೀನೊಂದ್ಸಲ ನೋಡೇ” ಎಂದಳು. ತಿರುಪನ್ನು ಒಂದಿಷ್ಟು ಕೆಳಗಿಳಿಸಿದೆ. ಎಳೆಗಂಟು ಅಲ್ಲಿತ್ತು. ಬಿಚ್ಚಿಹೋಗಿ, ಚದುರಿ, ಕೆಲಸಕ್ಕೆ ಬಾರದಂತಾಗಿತ್ತು. ಬೆಳಗ್ಗೆಯ ಚಿತ್ರ ತೆರೆದೆ. ಪೊರೆ ಗೆರೆ ಕೊರೆದ ಹಾಗಿತ್ತು, ನಡುಭಾಗ ಪೂರ್ತಿ ಮಸುಕು. ತಿರುಪು ಪೊರೆಯಲ್ಲೇ ನಿಂತಿತ್ತು; ಸಂಜೆಗೆ ಎಳೆ ಚದುರಿದೆ ಎಂದರೆ ಅಂಡ ಬೆಳಗ್ಗೆಯೇ ಬಲಿತಿತ್ತು.

“ಇತ್ತಾ?” ಎಂದಳು.

ನಾನು ಚಿತ್ರವನ್ನು ಆಕೆಯ ಕಡೆ ತಿರುಗಿಸಿದೆ.

“ಕಣ್ಣಿಗೆ ಪೊರೆ ಬಂದಿದೆ ಅಂದಿದ್ರು. ಇವಳದೊಂದು ಮುಗೀಲಿ, ಆಮೇಲೆ ಆಪರೇಷನ್ ಮಾಡಿಸ್ಕೊಳ್ಳೋಣ ಅಂದ್ಕೊಂಡೆ.” ಕೈಗವಸು ಕಳಚಿದಳು. “ಹೊಳೀತಿತ್ತು ಕಣೇ. ಅಷ್ಟೇ ಕಂಡಿದ್ದು ನಂಗೆ.”

ಎಲ್ಲ ಹೇಳಿಬಿಡುತ್ತೇನೆ ಎಂದು ಎದ್ದು ಹೊರಟಳು. ನಾನೂ ಹಿಂದೆಯೇ ಹೋದೆ. ತಂಗಿ ಮಂಚದ ಮೇಲೆ ಕೂತಿದ್ದಳು. ನಮ್ಮ ಮುಖ ನೋಡಿದ್ದೇ ಅವಳಿಗೆ ಅರ್ಥವಾಯಿತು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೈ ಹಿಡಿದುಕೊಂಡಳು.

“ಬಿಡಕ್ಕಾ. ನೀನೇ ನೋಡಿದ್ಯಲ್ಲ. ಬೇರೆ ಯಾರಾದ್ರೂ ಆಗಿದ್ರೆ, ಎಲ್ಲೋ ಸರಿಯಾಗಿ ನೋಡ್ಲಿಲ್ಲ ಅಂತ ಸಾಯೋವರ್ಗೂ ಕೊರಗ್ತಿದ್ದೆ.”

ಅಕ್ಕ ಬಾಯಿ ಮುಚ್ಚಿದಳು. ನಾನೂ ಮುಚ್ಚಿದೆ.